ಮಾವ ಬೈಯಲಿಲ್ಲ

ಬೈಂದೂರು
22 ಮೇ 2020

ಅಮಿತಾ, ಮಗಾ,

ಬಂದು ಮುಟ್ಟಿದೆ. ಮುಟ್ಟಿದೆ ಎನ್ನುವುದಕ್ಕಿಂತ ಮನೆಯನ್ನು ದಾಟಿ ಹೋದೆ ಎಂದರೆ ಸರಿ. ಮಸ್ಕತ್ತಿನಿಂದ ವಿಮಾನ ಬೆಂಗಳೂರಿಗೆ ಹೋಗಿ ಮಂಗಳೂರಿಗೆ ಬಂತು. ಅಲ್ಲಿ ಬಸ್ಸಿಗೆ ಹತ್ತಿಸಿದರು. ಬ್ರಹ್ಮಾವರ ಕಳೆಯಿತು, ಸಾಸ್ತಾನದ ಟೋಲ್ ಕಳೆಯಿತು, ಕುಂದಾಪುರ ಕಳೆಯಿತು. ತಲ್ಲೂರು ಬಂದಾಗ ನನಗೆ ಕೂರಲಾಗಲಿಲ್ಲ. ಎದ್ದು ನಿಂತು, "ಹ್ವಾಯ್, ನಮ್ಮನಿ ಇಲ್ಲೇ. ಒಂದ್ ಗಳ್ಗಿ ನಿಲ್ಸಿ ಮಾರಾಯ್ರೆ" ಎಂದೆ. ಮುಂದೆ ಕೂತ ಪೊಲೀಸಿನವನು ತಿರುಗಿಯೂ ನೋಡದೆ, "ಕೂಕಣಿ, ಎಲ್ಲರ್ ಮನಿಯೂ ಇಲ್ಲೇ" ಎಂದ. ನಮ್ಮ ಕ್ರಾಸು, ಹಾಲಿನ ಡೇರಿ, ಆ ಬಾಗಿದ ತೆಂಗಿನಮರ ಎಲ್ಲ ಕಿಟಕಿಯಲ್ಲಿ ಬಂದು ಕಿಟಕಿಯಲ್ಲೇ ಹೋದವು.

ಈಗ ಬೈಂದೂರಿನ ಹತ್ತಿರ ಒಂದು ಹಾಸ್ಟೆಲಿನಲ್ಲಿದ್ದೇನೆ. ಓದುವ ಮಕ್ಕಳ ಮಂಚ, ನನ್ನ ಕಾಲು ಹೊರಗೇ ಉಳಿಯುತ್ತದೆ. ಜೊತೆಗೆ ಕೋಡಿಯ ಚೆನ್ನಯ್ಯ ಅಂತ, ಒಮಾನಿನ ಸಲಾಲಾದಲ್ಲಿ ಟೈಲರ್, ಸಕ್ಕರೆ ಕಾಯಿಲೆಯ ಮನುಷ್ಯ. ಬಂದ ದಿನವೇ ಮೂಗಿಗೆ ಕಡ್ಡಿ ತುರುಕಿ ಪರೀಕ್ಷೆ ಮಾಡಿದರು, ಏನೂ ಇಲ್ಲ ಎಂದು ಬಂತು. ಆದರೂ ಹದಿನಾಲ್ಕು ದಿನ ಕೂಡಿ ಹಾಕುವುದು ಹಾಕುವುದೇ. ಫಿನಾಯಿಲ್ ನಾತಕ್ಕೆ ತಲೆ ಸಿಡಿಯುತ್ತಿದೆ. ಇಲ್ಲಿಯ ಸಾಂಬಾರಿನ ವಿಷಯ ಬರೆಯಲು ಹೋದರೆ ಕಾಗದ ಸಾಲದು.

ವಿಮಾನ ನಿಲ್ದಾಣದಲ್ಲಿ ಒಂದು ಹುಡುಗಿ, ಯಾಕೆ ಬಂದಿರಿ ಎಂದು ಕೇಳಿದಳು. ಸೊಸೆಯ ಕೈ ಹಿಡಿಯಲು ಎಂದೆ. ಅವಳು ಗಾಬರಿಯಾದಳು. ಅಕ್ಕನ ಮಗಳ ಮದುವೆ, ಜೂನ್ ಹನ್ನೊಂದಕ್ಕೆ ಮುಹೂರ್ತ, ಮಂಟಪಕ್ಕೆ ಕೈ ಹಿಡಿದು ಕರೆತರುವವನು ಸೋದರಮಾವ, ಅಂದರೆ ನಾನು, ಎಂದು ವಿವರಿಸಿದ ಮೇಲೆ ನಕ್ಕು ಸೀಲು ಹೊಡೆದಳು. ನಿನ್ನ ಅಪ್ಪ ತೀರಿಕೊಂಡ ದಿನ ಅಕ್ಕನಿಗೆ ಕೊಟ್ಟ ಮಾತು ಇದೊಂದೇ. ಅದಕ್ಕೆ ಯಾವ ಕಾಯಿಲೆಯೂ ಅಡ್ಡ ಬರಕೂಡದು.

ಫೋನು ಮಾಡಬೇಡ. ಒಮಾನಿನ ಸಿಮ್ ಇಲ್ಲಿ ನಡೆಯುವುದಿಲ್ಲ, ಚೆನ್ನಯ್ಯನ ಫೋನಿಗೆ ಈ ಗೋಡೆಗಳ ಒಳಗೆ ಸಿಗ್ನಲ್ ಇಲ್ಲ. ನನಗೆ ಬೊಂಬಾಯಿಯ ಕಾಲದಿಂದ ಕಾಗದವೇ ಅಭ್ಯಾಸ. ಮನೆಯವರು ಗೇಟಿಗೆ ಊಟ ತಂದು ಕೊಡಬಹುದಂತೆ. ಡಬ್ಬಿ ವಾಪಸ್ ಇಲ್ಲ, ಕಾಗದ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಹೊರಗೆ ಬರುತ್ತದೆ. ಒಂದು ಬಂಗುಡೆ ಸಾರು ಕಳಿಸಲು ಅಕ್ಕನಿಗೆ ಹೇಳು.

ನಿನ್ನ ಮಾವ
ಮಂಜಯ್ಯ


ತಲ್ಲೂರು
24 ಮೇ 2020

ಮಂಜಯ್ಯ ಮಾವನಿಗೆ,

ನಿಮ್ಮ ಕಾಗದವನ್ನು ಅಮ್ಮ ಮೊದಲು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಬಿಸಿಲಿಗೆ ಒಣಗಿಸಿದಳು. ಆಮೇಲೆ ಇಸ್ತ್ರಿ ಮಾಡಿದಳು. ಆಮೇಲೆ ಓದಿ ಅತ್ತಳು. ಹಾಗಾಗಿ ಒದ್ದೆಯಾದ ಜಾಗಕ್ಕೆ ಮತ್ತೊಮ್ಮೆ ಇಸ್ತ್ರಿ ಮಾಡಬೇಕಾಯಿತು.

ನೀವು ಬರುವ ದಿನ ನಾವಿಬ್ಬರೂ ಕ್ರಾಸಿನಲ್ಲೇ ನಿಂತಿದ್ದೆವು. ಕಂಡ ಬಸ್ಸಿಗೆಲ್ಲ ಕೈ ಬೀಸಿದೆವು. ಒಂದು ಬಸ್ಸಿನಿಂದ ಯಾರೋ ತಿರುಗಿ ಕೈ ಬೀಸಿದರು. ಅದು ನೀವೇ ಅಂತ ಅಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ನೀವು ನಮ್ಮನ್ನು ಕಂಡ ಮಾತೇ ಬರೆದಿಲ್ಲ, ಹಾಗಾಗಿ ಅಲ್ಲ ಎಂದು ನನಗೆ ಗೊತ್ತಾಯಿತು, ಅವಳಿಗೆ ಹೇಳಬೇಡಿ.

ಕುಂದಾಪುರದ ಸಭಾಭವನ ಹೋಯಿತು. ಮದುವೆ ನಮ್ಮ ಅಂಗಳದಲ್ಲೇ, ಐವತ್ತು ಜನ ಮಾತ್ರ. ಯಾರನ್ನು ಬಿಡುವುದು ಎಂದು ಬ್ರಹ್ಮಾವರದ ಗಂಡಿನ ಕಡೆಯವರಿಗೂ ನಮಗೂ ದಿನಾ ಫೋನಿನಲ್ಲಿ ಜಟಾಪಟಿ. ಸುಶಾಂತನ ದೊಡ್ಡಪ್ಪ ನಿನ್ನೆ ಒಂದು ಮಾತು ಹೇಳಿದರು: "ಮಾವನೇ ಆಯ್ಕ್ ಅಂದ್ ಎಂತ ಇಲ್ಲೆ. ನಿಮ್ಮ್ ಸಂಬಂಧದ ರತನ್ ಇದ್ನಲೆ, ಅವ ಕೈ ಹಿಡ್ಕಂಡ್ ಬಂದ್ರ್ ಆತಿಲ್ಯಾ?" ನಾನು ಅಮ್ಮನ ಕೈಯಿಂದ ಫೋನು ಕಿತ್ತುಕೊಂಡು ಆಗುವುದಿಲ್ಲ ಎಂದೆ. ಮದುಮಗಳು ಹೀಗೆ ಮಾತಾಡಬಾರದಂತೆ. ರತನ್ ಅಣ್ಣ ಒಳ್ಳೆಯವನೇ. ಆದರೆ ನಾನು ನಡೆಯಲು ಕಲಿತದ್ದು ಯಾರ ಬೆರಳು ಹಿಡಿದು ಎಂದು ಎಲ್ಲರಿಗೂ ಗೊತ್ತಿದೆ. ನಿಮ್ಮ ಕೈ ಇಲ್ಲದಿದ್ದರೆ ನಾನು ಮಂಟಪಕ್ಕೆ ಬರುವುದಿಲ್ಲ ಮಾವ, ಇದು ತಮಾಷೆ ಅಲ್ಲ.

ಬಂಗುಡೆ ಸಾರು ಕಳಿಸಿದ್ದೇನೆ. ಗಂಗೊಳ್ಳಿಯಿಂದ ಬೆಳಿಗ್ಗೆ ಬಂದ ಮೀನು. ರಿಕ್ಷಾ ರತೀಶ್ ತಂದು ಕೊಡುತ್ತಾನೆ. ಅಮ್ಮನಿಗೆ ಮದುವೆಯ ಗಡಿಬಿಡಿ, ಸಾರು ಮಾಡಿದ್ದು ನಾನು. ಬೈಯುವುದಿದ್ದರೆ ಸಾವಕಾಶ ಬೈಯಿರಿ.

ಅಮಿತಾ


ಬೈಂದೂರು
26 ಮೇ 2020

ಅಮಿತಾ,

ಸಾವಕಾಶವಾಗಿಯೇ ಬೈಯುತ್ತೇನೆ.

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕೊತ್ತಂಬರಿ ಹುರಿಯುವಾಗ ನೀನು ಫೋನು ನೋಡುತ್ತಿದ್ದೆ ಎಂದು ಮೂಗಿಗೆ ತಿಳಿಯಿತು. ಕರಟಿದೆ. ಹುಳಿ ಹೆಚ್ಚು. ಮೆಂತ್ಯ ಎರಡು ಕಾಳು ಸಾಕು ಎಂದು ಎಷ್ಟು ಸಲ ಹೇಳಿದ್ದೇನೆ? ಮೀನು ಹಾಕಿದ ಮೇಲೆ ಸೌಟು ತಿರುಗಿಸಬಾರದು, ಪಾತ್ರೆಯನ್ನೇ ಹಿಡಿದು ಆಡಿಸಬೇಕು. ನೀನು ಸೌಟು ಹಾಕಿದ್ದೀ, ಬಂಗುಡೆಯ ಹೊಟ್ಟೆ ಒಡೆದಿದೆ. ಮಸ್ಕತ್ತಿನ ರೂವಿಯ ನಮ್ಮ ಹೋಟೆಲಿನಲ್ಲಿ ಇಂಥ ಸಾರು ಮೇಜಿಗೆ ಹೋಗಿದ್ದರೆ ನಾನು ಅವತ್ತೇ ಸೌಟು ಕೆಳಗಿಟ್ಟು ಊರಿಗೆ ಬರುತ್ತಿದ್ದೆ.

ಚೆನ್ನಯ್ಯ ಮಾತ್ರ ಬೆರಳು ಚೀಪಿ, "ಎಂತಾ ಸಾರ್ ಮಾರಾಯ್ರೆ!" ಎಂದ. ಅವನು ಟೈಲರ್, ಪಾಪ.

ರತನ್ ವಿಷಯ ಬಿಡು. ಆ ದೊಡ್ಡಪ್ಪನಿಗೆ ಹೇಳು, ಮಂಜಯ್ಯ ಸಮುದ್ರ ದಾಟಿ ಬಂದಿದ್ದಾನೆ, ಇನ್ನು ಮೂವತ್ತು ಕಿಲೋಮೀಟರ್ ಬರಲು ಅವನಿಗೆ ಗೊತ್ತಿದೆ ಎಂದು. ಮದುವೆಯ ಅಡುಗೆಯೂ ನನ್ನದೇ, ಹೊರಗಿನವರನ್ನು ಕರೆಯುವುದು ಬೇಡ. ಇಡೀ ದಿನ ಈ ಜಗಲಿಯಲ್ಲಿ ಆಚೆಯಿಂದೀಚೆ ನಡೆಯುತ್ತಿದ್ದೇನೆ. ನಡೆಯುತ್ತ ನಡೆಯುತ್ತ ಪಾಯಸ ಇಳಿಸಿದೆ, ಹೋಳಿಗೆ ಬೇಯಿಸಿದೆ, ಪಂಕ್ತಿ ಬಡಿಸಿಯೂ ಆಯಿತು. ಮತ್ತೂ ಮಧ್ಯಾಹ್ನ ಆಗಿರುವುದಿಲ್ಲ.

ಮಾವ


ತಲ್ಲೂರು
28 ಮೇ 2020

ಮಾವನಿಗೆ,

ಮುಂದಿನ ಜನ್ಮದಲ್ಲಿ ನಾನೂ ಮಾವನಾಗಿ ಹುಟ್ಟುತ್ತೇನೆ, ನೀವು ಸೊಸೆಯಾಗಿ ಹುಟ್ಟಿ ಸಾರು ಮಾಡಿ ಕಳಿಸಿ. ಆಗ ನೋಡೋಣ.

ರತೀಶ್ ಹೇಳುತ್ತಾನೆ, "ಅಮಿತಕ್ಕ, ನಿಮ್ಮ್ ಮಾವ ಕಿಟ್ಕಿ ಹತ್ರ ಹುಲಿ ತಿರ್ಗಿದಂಗೆ ತಿರ್ಗ್ತಾ ಇದ್ರ್" ಎಂದು. ನನಗೂ ಇಲ್ಲಿ ಹಾಗೇ. ರವಿಕೆ ಹೊಲಿಯಲು ಕೊಟ್ಟವಳು ಸೀಲ್‌ಡೌನ್ ಆದ ಕೇರಿಯ ಒಳಗಿದ್ದಾಳೆ. ಒಂದು ದಿನ ಮದುವೆಗೆ ಪಾಸು ಬೇಕು ಎನ್ನುತ್ತಾರೆ, ಮರುದಿನ ಬೇಡ ಎನ್ನುತ್ತಾರೆ. ಕೆಲಸವಿಲ್ಲದಿದ್ದರೂ ಎದ್ದು ಹೋಗಿ ಗೇಟು ನೋಡಿ ಬರುತ್ತೇನೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಲಕ್ಷಣ ಇಲ್ಲದವರನ್ನು ಇನ್ನೊಂದು ಪರೀಕ್ಷೆ ಇಲ್ಲದೆಯೇ ಮನೆಗೆ ಬಿಡುತ್ತಾರಂತೆ. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ವಿನಯಕ್ಕ ಹೇಳಿದರು. ಹಾಗಾದರೆ ನಾಲ್ಕನೇ ತಾರೀಕಿಗೆ ನೀವು ಇಲ್ಲಿ!

ಕೋಳಿ ಸಾರು ಮತ್ತು ಒಣ ಸಿಗಡಿ ಚಟ್ನಿ ಇದೆ. ಚಟ್ನಿಯ ಸಿಗಡಿ ಸ್ವಲ್ಪ ಮುಗ್ಗಲು ಇದ್ದ ಹಾಗಿತ್ತು. ಅಮ್ಮ ಪರವಾಗಿಲ್ಲ ಎಂದಳು. ನೀವು ಇದಕ್ಕೆ ಎರಡು ಪುಟ ಬೈಯುತ್ತೀರಿ ಎಂದು ಗೊತ್ತಿದ್ದೇ ಕಳಿಸಿದ್ದೇನೆ.

ಅಮಿತಾ


ಬೈಂದೂರು
30 ಮೇ 2020

ಮಗಾ,

ಕೋಳಿ ಸಾರು ಫಸ್ಟ್ ಕ್ಲಾಸ್. ಚಟ್ನಿಯೂ ಹಾಗೇ. ಹೇಳುವಂಥದ್ದು ಏನೂ ಇಲ್ಲ.

ನಾನು ಆರೋಗ್ಯವಾಗಿದ್ದೇನೆ. ಜ್ವರ ನೋಡುವ ಮೆಷಿನನ್ನು ದಿನಾ ಹಣೆಗೆ ಹಿಡಿಯುತ್ತಾರೆ, ಏನೂ ಇಲ್ಲ. ಫಿನಾಯಿಲ್ ಕೂಡ ಈಗ ಅಭ್ಯಾಸವಾಗಿದೆ. ಚೆನ್ನಯ್ಯನ ಗೊರಕೆ ತಡೆಯಲಾಗದೆ ನನ್ನ ಚಾಪೆಯನ್ನು ಜಗಲಿಯ ತುದಿಗೆ ಹಾಕಿಕೊಂಡಿದ್ದೇನೆ, ಗಾಳಿ ಚೆನ್ನಾಗಿದೆ. ಊಟವೂ ಬೇರೆ ಬೇರೆ. ಅವನಿಗೆ ಪಥ್ಯ, ಇನ್ನು ಮೇಲೆ ಒಬ್ಬನಿಗೆ ಆಗುವಷ್ಟೇ ಕಳಿಸು.

ನಾಲ್ಕನೇ ತಾರೀಕಿಗೆ ಬಿಡುತ್ತಾರೆ ಎಂದು ಇಲ್ಲಿಯೂ ಹೇಳಿದರು. ರತೀಶನಿಗೆ ಬೆಳಿಗ್ಗೆಯೇ ಬರಲು ಹೇಳಿಡು. ಅಕ್ಕ ಚಿಂತೆ ಮಾಡುವುದು ಬೇಡ.

ಮಾವ


ತಲ್ಲೂರು
31 ಮೇ 2020

ಮಾವನಿಗೆ,

ನಿಮ್ಮ ಕಾಗದ ಓದಿ ಅಮ್ಮ ಹಿಗ್ಗಿದ್ದೇ ಹಿಗ್ಗಿದ್ದು. "ಕಂಡ್ಯಾ, ನನ್ ತಮ್ಮ ನಿಂಗೆ ಫಸ್ಟ್ ಕ್ಲಾಸ್ ಅಂದ!" ಎಂದು ಪಕ್ಕದ ಮನೆಗೆ ಕೇಳುವ ಹಾಗೆ ಹೇಳಿದಳು. ನಾನೂ ನಕ್ಕೆ.

ಇವತ್ತು ಮತ್ತೆ ಬಂಗುಡೆ ಸಾರು. ನೀವು ಹೇಳಿದ ಹಾಗೆ ಮೆಂತ್ಯ ಎರಡೇ ಕಾಳು ಹಾಕಿದ್ದೇನೆ, ಸೌಟು ಮುಟ್ಟಿಸಲಿಲ್ಲ. ಒಬ್ಬರಿಗೆ ಆಗುವಷ್ಟೇ ಇದೆ. ಉಪ್ಪು, ಹುಳಿ ಎರಡೂ ಹೇಗಿದೆ ಎಂದು ಮರೆಯದೆ ಬರೆಯಿರಿ. ಬ್ರಹ್ಮಾವರಕ್ಕೆ ಹೋದ ಮೇಲೆ ಕೇಳಲು ನೀವು ಹತ್ತಿರ ಇರುವುದಿಲ್ಲ.

ಅಮಿತಾ


ಬೈಂದೂರು
1 ಜೂನ್ 2020

ಅಮಿತಾ, ಮಗಾ,

ಉಪ್ಪು, ಹುಳಿ ಎರಡೂ ಹಿತವಾಗಿ ಕೂತಿದೆ. ನಿನ್ನ ಕೈ ಈಗ ಪಳಗಿತು. ಸುಶಾಂತನ ಮನೆಯವರು ಪುಣ್ಯವಂತರು.

ಇಲ್ಲಿ ಮೋಡ ಕಟ್ಟಿದೆ. ಜಗಲಿಯಲ್ಲಿ ನಿಂತರೆ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುವ ಲಾರಿಗಳ ಸದ್ದು ಕೇಳುತ್ತದೆ. ಪ್ರತಿಯೊಂದೂ ತಲ್ಲೂರನ್ನು ದಾಟಿ ಹೋಗುತ್ತದಲ್ಲ ಎಂದು ಹೊಟ್ಟೆ ಉರಿಯುತ್ತದೆ. ನಾಲ್ಕನೇ ತಾರೀಕು ಬಂದರೆ ಸಾಕು.

ಮಾವ


ತಲ್ಲೂರು
2 ಜೂನ್ 2020

ಮಾವನಿಗೆ,

ಮೊನ್ನೆಯ ಸಾರಿಗೆ ನಾನು ಉಪ್ಪು ಹಾಕಿರಲಿಲ್ಲ. ಹುಳಿಯನ್ನೂ ಹಾಕಿರಲಿಲ್ಲ.

ಚಟ್ನಿಗೆ ನೀವು ಬೈಯದಿದ್ದಾಗಲೇ ನನಗೆ ಹೆದರಿಕೆ ಹುಟ್ಟಿತು. ಮುಗ್ಗಲು ಸಿಗಡಿಯನ್ನು ಸುಮ್ಮನೆ ತಿನ್ನುವವರಲ್ಲ ನೀವು. ಈ ಕಾಯಿಲೆ ಬಂದ ಕೆಲವರಿಗೆ ವಾಸನೆ, ರುಚಿ ಎರಡೂ ಹೋಗುತ್ತವೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ನನ್ನ ತಲೆ ಕೆಟ್ಟಿದೆ, ಹಾಗಿರಲಾರದು ಎಂದುಕೊಂಡು ಆ ಸಾರು ಮಾಡಿದೆ. ಥೂ, ಇದೆಂತ ಸಾರು ಎಂದು ನೀವು ಎಸೆಯಬೇಕು, ನಾಲ್ಕು ಮಾತು ಬೈದು ಬರೆಯಬೇಕು ಎಂದು ದೇವರಿಗೆ ಹೇಳಿಕೊಂಡೆ. ನೀವು ಹಿತವಾಗಿ ಕೂತಿದೆ ಎಂದು ಬರೆದಿರಿ.

ನಿಮಗೆ ಗೊತ್ತು. ಗೊತ್ತಿದ್ದೇ ಚಾಪೆಯನ್ನು ಜಗಲಿಗೆ ಹಾಕಿದ್ದು. ಚೆನ್ನಯ್ಯನವರ ಗೊರಕೆ ಅಂತೆ! ಬೊಂಬಾಯಿಯಲ್ಲಿ ರೈಲು ಹಳಿಯ ಪಕ್ಕ ಮಲಗಿದವರು ನೀವು.

ಇವತ್ತು ಬೆಳಿಗ್ಗೆ ವಿನಯಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದರು. "ಯಾರ್ ಹೇಳದ್ದ್ ಅಂದ್ ನಾ ಹೇಳುದಿಲ್ಲೆ" ಎಂದರು. ನಾನೇ ಹೇಳಿದೆ ಎಂದು ಹೇಳಿ ಎಂದೆ. ಈ ಕಾಗದ ಮುಟ್ಟುವುದರೊಳಗೆ ನಿಮ್ಮನ್ನು ಕರೆದುಕೊಂಡು ಹೋಗಿರುತ್ತಾರೋ ಏನೋ.

ನೀವು ಬಾರದಿದ್ದರೆ ನನ್ನ ಮದುವೆ ಏನಾಗುತ್ತದೆ ಎಂದು ನಿಮಗಿಂತ ಹೆಚ್ಚು ನನಗೆ ಗೊತ್ತು. ಆದರೆ ಚೆನ್ನಯ್ಯನವರಿಗೆ ಸಕ್ಕರೆ ಕಾಯಿಲೆ. ಸುಶಾಂತನ ಅಜ್ಜಿ ಎದ್ದು ಕೂರಲು ಎರಡು ಜನ ಬೇಕು, ಅವರೂ ಬರುತ್ತಾರೆ. ಅಮ್ಮನಂತೂ ನಿಮ್ಮನ್ನು ಕಂಡರೆ ಅಪ್ಪಿಕೊಂಡು ಅಳದೆ ಬಿಡುವವಳಲ್ಲ. ಮತ್ತೆ ನೀವು. ನಿಮಗೆ ಏನಾದರೂ ಆದರೆ ಈ ಬಂಗಾರ, ಸೀರೆ ಎಲ್ಲ ನನಗೆ ಯಾಕೆ ಮಾವ?

ಅಮ್ಮನಿಗೆ ಇನ್ನೂ ಹೇಳಿಲ್ಲ. ಸಿಟ್ಟು ಮಾಡಿ, ಪರವಾಗಿಲ್ಲ.

ಅಮಿತಾ


ತಲ್ಲೂರು
6 ಜೂನ್ 2020

ಮಾವನಿಗೆ,

ರತೀಶ್ ಡಬ್ಬಿಯನ್ನು ಹಾಗೇ ವಾಪಸ್ ತಂದ. ನಿಮ್ಮನ್ನು ಕುಂದಾಪುರದ ಕೋವಿಡ್ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ವಿನಯಕ್ಕ ಹೇಳಿದರು. ಜ್ವರ ಬಂದಿದೆಯಂತೆ, ಉಸಿರು ಸರಿ ಇದೆಯಂತೆ. ಚೆನ್ನಯ್ಯನವರ ಪರೀಕ್ಷೆ ನೆಗೆಟಿವ್ ಬಂತು. ಈ ಕಾಗದವನ್ನೂ ಹಿಂದಿನದನ್ನೂ ಆಸ್ಪತ್ರೆಯ ಗೇಟಿನಲ್ಲಿ ಕೊಟ್ಟು ಬರಲು ಹೇಳಿದ್ದೇನೆ. ಒಳಗೆ ಬರುತ್ತದೋ ಇಲ್ಲವೋ.

ಅಮ್ಮನಿಗೆ ಹೇಳಲೇಬೇಕಾಯಿತು. ಸಾರಿನ ವಿಷಯವನ್ನೂ ಹೇಳಿದೆ. ಅವಳು ಹೋಗಿ ಉಪ್ಪಿನ ಭರಣಿಯ ಎದುರು ನಿಂತಳು, ಯಾಕೆ ಹೋದದ್ದು ಎಂದು ಅವಳಿಗೇ ಗೊತ್ತಿರಲಿಲ್ಲ. ಮಳೆಯೂ ಹಿಡಿಯಿತು. ಅಂಗಳದ ಚಪ್ಪರಕ್ಕೆ ಟಾರ್ಪಾಲು ಹಾಕಿಸಿದ್ದೇವೆ, ಅದು ಪಟಪಟ ಹೊಡೆದುಕೊಳ್ಳುವುದನ್ನು ಕೇಳುತ್ತ ನಾನು ಮನೆ ಸುತ್ತ ತಿರುಗುತ್ತೇನೆ.

ಬ್ರಹ್ಮಾವರದವರು ಆಷಾಢ ಹಿಡಿಯುವ ಮೊದಲೇ ಆಗಬೇಕು ಎನ್ನುತ್ತಾರೆ. ಸುಶಾಂತ್ ಮಾತ್ರ, ನೀನು ಹೇಳಿದ ದಿನ ಮಾಡೋಣ, ನಾನು ಮನೆಯಲ್ಲಿ ಮಾತಾಡುತ್ತೇನೆ ಎಂದ. ನನಗೆ ಏನು ಹೇಳಬೇಕೆಂದೇ ತೋಚುವುದಿಲ್ಲ. ನೀವು ಒಂದು ಸಾಲು ಬರೆಯಿರಿ. ಬೈದೇ ಬರೆಯಿರಿ. ನೀವು ಸುಮ್ಮನಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಅಮಿತಾ


ಕುಂದಾಪುರ, ಆಸ್ಪತ್ರೆ
9 ಜೂನ್ 2020

ಅಮಿತಾ,

ಇಲ್ಲಿಂದ ಕಾಗದ ಹೊರಗೆ ಹೋಗುವಂತಿಲ್ಲ. ಒಬ್ಬಳು ನರ್ಸು ಇದರ ಫೋಟೋ ತೆಗೆದು ನಿನ್ನ ನಂಬರಿಗೆ ಕಳಿಸುತ್ತೇನೆ ಎಂದಿದ್ದಾಳೆ. ಇದಕ್ಕೆ ಅಕ್ಕ ಇಸ್ತ್ರಿ ಮಾಡುವುದು ಬೇಡ ಎಂದು ಹೇಳು.

ಬಿಳಿ ಅಂಗಿಯವರು ಜಗಲಿಗೆ ಬಂದು, ನಿಮ್ಮ ಮನೆಯಿಂದಲೇ ತಿಳಿಸಿದ್ದಾರೆ ಎಂದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಂಬುಲೆನ್ಸಿನಲ್ಲಿ ಇಡೀ ದಾರಿ ನಿನ್ನನ್ನು ಬೈದೆ. ಮತ್ತೆ ತಲ್ಲೂರು ಬಂತು, ಮತ್ತೆ ಕಳೆಯಿತು. ಈ ಸಲ ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ.

ಆ ಹಾಸ್ಟೆಲಿನಲ್ಲಿ ಒಂದು ಬೆಳಿಗ್ಗೆ ಎದ್ದಾಗ ಫಿನಾಯಿಲ್ ವಾಸನೆ ಇರಲಿಲ್ಲ. ತೊಳೆಯುವುದು ನಿಲ್ಲಿಸಿದರು ಎಂದುಕೊಂಡೆ. ಆಮೇಲೆ ನಿನ್ನ ಕೋಳಿ ಸಾರು ಬಂತು, ಬಾಯಿಗೆ ಹಾಕಿದರೆ ಬಿಸಿ ನೀರು. ಅವತ್ತು ಹೆದರಿದಷ್ಟು ನಾನು ಯಾವತ್ತೂ ಹೆದರಿರಲಿಲ್ಲ. ಬೊಂಬಾಯಿಯಲ್ಲಿ ಪಾತ್ರೆ ತೊಳೆಯಲು ನಿಂತಲ್ಲಿಂದ ಮಸ್ಕತ್ತಿನವರೆಗೆ ಈ ನಾಲಗೆ ಒಂದನ್ನೇ ನಂಬಿ ಬಂದವನು. ಅದು ಸತ್ತಿದೆ ಎಂದು ಯಾರಿಗೆ ಹೇಳಲಿ? ಹೇಳಿದರೆ ನಿನ್ನ ಮದುವೆಯೂ ಹೋಯಿತು. ಹನ್ನೊಂದು ಕಳೆಯಲಿ, ಆಮೇಲೆ ಏನು ಬೇಕಾದರೂ ಆಗಲಿ ಎಂದುಕೊಂಡೆ. ಚೆನ್ನಯ್ಯನಿಗೆ ಏನೂ ಆಗಲಿಲ್ಲವಲ್ಲ, ಅದು ನಿನ್ನಿಂದ.

ಉಪ್ಪಿಲ್ಲದ ಸಾರು ಕಳಿಸಿ ನನ್ನನ್ನು ಹಿಡಿದೆಯಲ್ಲ, ಕಳ್ಳಿ! ನಮ್ಮ ಹೋಟೆಲಿನಲ್ಲಿ ಹೊಸ ಅಡುಗೆಯವರನ್ನು ನಾನು ಪರೀಕ್ಷೆ ಮಾಡುತ್ತಿದ್ದದ್ದೂ ಹೀಗೆಯೇ.

ಈಗ ನನ್ನ ಮಾತು ಕೇಳು. ಮುಹೂರ್ತ ತಪ್ಪಿಸಬೇಡ. ರತನ್‌ನನ್ನು ಕರೆಸು. ಅವನ ಕೈ ಹಿಡಿದು ಹೋಗು. ಮಾವ ಹೇಳಿದ್ದು.

ಮಂಜಯ್ಯ


ಬ್ರಹ್ಮಾವರ
13 ಜೂನ್ 2020

ಮಾವನಿಗೆ,

ನಿಮ್ಮ ಮಾತಿನಲ್ಲಿ ಅರ್ಧ ಕೇಳಿದೆ. ಮುಹೂರ್ತ ತಪ್ಪಿಸಲಿಲ್ಲ.

ಬೆಳಿಗ್ಗೆಯಿಂದ ಮಳೆ. ಟಾರ್ಪಾಲಿನ ನಡು ಹೊಟ್ಟೆ ಬಿಟ್ಟು ನೀರು ತುಂಬಿತ್ತು, ರತೀಶ್ ಕೋಲು ಹಿಡಿದು ಅದರ ಕೆಳಗೇ ನಿಂತಿದ್ದ. ಎಲ್ಲರ ಬಾಯಿಗೂ ಮಾಸ್ಕು, ಯಾರು ನಗುತ್ತಿದ್ದಾರೆ, ಯಾರು ಇಲ್ಲ ಎಂದೇ ಗೊತ್ತಾಗುತ್ತಿರಲಿಲ್ಲ. ಭಟ್ಟರು ಮದುಮಗಳನ್ನು ಕರೆತನ್ನಿ ಎಂದರು. ರತನ್ ಅಣ್ಣ ಪಂಚೆ ಸರಿ ಮಾಡಿಕೊಂಡು ಬಾಗಿಲಿಗೆ ಬಂದ. ನಾನು ಎದ್ದು ನಿಂತೆ, ಆದರೆ ಕೈ ಚಾಚಲು ಆಗಲಿಲ್ಲ ಮಾವ. ನಿಮ್ಮ ಮಾತು ನೆನಪಿತ್ತು. ಕೈಯೇ ಬರಲಿಲ್ಲ.

ಆಗ ಅಮ್ಮ ಒಳಗಿನಿಂದ ಬಂದಳು. ಅಪ್ಪ ಹೋದ ಮೇಲೆ ಯಾರ ಮದುವೆಯಲ್ಲೂ ಮುಂದೆ ನಿಂತವಳಲ್ಲ, ಅಡುಗೆಮನೆಯ ಬಾಗಿಲಲ್ಲೇ ನಿಲ್ಲುತ್ತಿದ್ದಳು, ನಿಮಗೆ ಗೊತ್ತು. ಬಂದವಳೇ ನನ್ನ ಕೈ ಹಿಡಿದಳು. ಸುಶಾಂತನ ದೊಡ್ಡಪ್ಪ, "ಪ್ರಫುಲ್ಲಕ್ಕ, ಅದ್ ಮಾವ ಹಿಡುದಲ್ದಾ?" ಎಂದರು. ಅಮ್ಮ ಎಲ್ಲರ ಎದುರು ಹೇಳಿದಳು: "ಹೌದ್. ಅವ ಹುಟ್ಟದ್ ಯಾವ್ ಹೊಟ್ಟಿಯಗೆ, ನಾ ಹುಟ್ಟದ್ದೂ ಅದೇ ಹೊಟ್ಟಿಯಗೆ. ಅವ್ನ್ ಕೈ ಬೇರೆ, ನನ್ ಕೈ ಬೇರೆಯಾ?" ಮತ್ತೆ ನನ್ನ ಕಡೆ ತಿರುಗಿ, "ನಡಿ ಮಗಾ" ಎಂದಳು.

ರತನ್ ಅಣ್ಣನೇ ಮೊದಲು ಬದಿಗೆ ಸರಿದು ದಾರಿ ಬಿಟ್ಟ. ಅಮ್ಮ ಕೈ ಹಿಡಿದದ್ದು ನಿಮ್ಮ ಹಾಗೆಯೇ, ಮಣಿಕಟ್ಟು ನೋಯುವಷ್ಟು ಬಿಗಿಯಾಗಿ. ನಾನು ಅಳಲಿಲ್ಲ. ಅಮ್ಮನೂ ಅಳಲಿಲ್ಲ. ಸುಶಾಂತನ ಅಜ್ಜಿ ಅತ್ತರು.

ಅಡುಗೆ ಏನೂ ಚೆನ್ನಾಗಿರಲಿಲ್ಲ.

ಅಮಿತಾ


ತಲ್ಲೂರು
25 ಜೂನ್ 2020

ಅಮಿತಾ, ಮಗಾ,

ಮನೆಗೆ ಬಂದು ಕೆಲವು ದಿನವಾಯಿತು. ಅಕ್ಕ ನನ್ನನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದಾಳೆ. ದೂರದಿಂದ ಬಟ್ಟಲು ತಳ್ಳುತ್ತಾಳೆ, ದೂರ ನಿಂತೇ ಬೈಯುತ್ತಾಳೆ. ನಿನ್ನ ಮದುವೆಯ ಕತೆಯನ್ನು ಈಗಾಗಲೇ ಹಲವು ಸಲ ಹೇಳಿಯಾಯಿತು. ಪ್ರತಿ ಸಲವೂ ಅವಳ ದನಿ ಸ್ವಲ್ಪ ಜೋರಾಗುತ್ತದೆ, ಆ ದೊಡ್ಡಪ್ಪನ ದನಿ ಸಣ್ಣದಾಗುತ್ತದೆ. ಸೋದರಮಾವ ಎಂದರೆ ನಾನೊಬ್ಬನೇ ಎಂದು ಇಷ್ಟು ವರ್ಷ ಮೆರೆದೆ. ಅವಳ ಕೈಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಿನ್ನೆ ರತೀಶ್ ಬ್ರಹ್ಮಾವರದಿಂದ ನಿನ್ನ ಡಬ್ಬಿ ತಂದ. ಕೆಲವು ವಾಸನೆ ಬಂದಿದೆ, ಕೆಲವು ಇನ್ನೂ ಬಂದಿಲ್ಲ. ಕಾಫಿ ಬಂದಿದೆ, ಸೆಗಣಿ ಬಂದಿದೆ, ಬಂಗುಡೆ ಇನ್ನೂ ದಾರಿಯಲ್ಲಿದೆ. ಡಾಕ್ಟರು ಕಾಯಿರಿ ಎಂದಿದ್ದಾರೆ. ಎಲ್ಲ ಬರದಿದ್ದರೆ ಮಸ್ಕತ್ತಿನಲ್ಲಿ ನನ್ನ ಜಾಗ ಏನಾಗುತ್ತದೆ ಎಂದು ಗೊತ್ತಿಲ್ಲ. ದಿನಾ ಬೆಳಿಗ್ಗೆ ಕೊತ್ತಂಬರಿ ಡಬ್ಬಿಗೆ ಮೂಗು ಹಾಕಿ ಕೂರುತ್ತೇನೆ, ಅಕ್ಕ ನಗುತ್ತಾಳೆ.

ನಿನ್ನ ಸಾರನ್ನು ಒಂದು ತುತ್ತು ಬಾಯಿಗೆ ಹಾಕಿದೆ. ಆಮೇಲೆ ಸ್ವಲ್ಪ ಹೊತ್ತು ಗೋಡೆಯ ಕಡೆ ಮುಖ ಮಾಡಿ ಕೂತೆ. ಅಕ್ಕ ಬಾಗಿಲ ಆಚೆಯಿಂದ, "ಎಂತ ಆಯ್ತಾ?" ಎಂದು ಕೂಗಿದಳು.

ಉಪ್ಪು ಹೆಚ್ಚಾಗಿದೆ, ಅಮಿತಾ. ಒಂದು ಹಿಡಿ ಹೆಚ್ಚಾಗಿದೆ. ಆ ಮನೆಯವರು ನಾಚಿಕೆಗೆ ಹೇಳುತ್ತಿಲ್ಲ. ನಾನು ಪೂರ್ತಿ ಉಂಡೆ. ಆಸಾಡಿಗೆ ಹೊಸ ಮದುಮಗಳು ತವರಿಗೆ ಬರಬೇಕಲ್ಲ, ಬಾ. ಉಪ್ಪು ಹಾಕುವುದು ಹೇಗೆಂದು ಕಲಿಸುತ್ತೇನೆ.

ಮಾವ